ನೀರುಗಂಟಿಯ ಹೆಸರು

ಬೂದಿಗುಂಡ್ಲಹಟ್ಟಿಯಲ್ಲಿ ಐದನೆಯ ಹೆಣ ಬಿದ್ದ ದಿನವೂ ತಿಪ್ಪೇರುದ್ರ ಪತ್ರಿಕೆಯವರಿಗೆ "ಮೂರು" ಎಂದೇ ಹೇಳಿದ. ಸುಳ್ಳು ಹೇಳುತ್ತಿದ್ದೇನೆ ಅಂತ ಅವನಿಗೆ ಅನ್ನಿಸಲಿಲ್ಲ. ಕೈಯಲ್ಲಿದ್ದ ಚೀಟಿಯಲ್ಲಿ ಮೂರು ಅಂತಲೇ ಇತ್ತು. ಉಳಿದ ಇಬ್ಬರಲ್ಲಿ ಒಬ್ಬಾಕೆಗೆ ಎಪ್ಪತ್ತು ದಾಟಿತ್ತು, ಅದು ವಯೋಸಹಜ ಸಾವು. ಇನ್ನೊಬ್ಬ ಪಕ್ಕದ ಜಿಲ್ಲೆಯ ಆಸ್ಪತ್ರೆಯಲ್ಲಿ ತೀರಿಕೊಂಡಿದ್ದ, ಅದು ಆ ಜಿಲ್ಲೆಯವರು ಹೇಳಬೇಕಾದ ಸಾವು.

ಇದು ಎರಡು ಸಾವಿರದ ಇಸವಿಯ ಆಷಾಢದ ಮಾತು. ಮೊಳಕಾಲ್ಮುರು ತಾಲ್ಲೂಕಿನ ಆ ಸಣ್ಣ ಊರಿನಲ್ಲಿ ವಾಂತಿಭೇದಿ ಹತ್ತಿಕೊಂಡು ಹತ್ತು ದಿನವಾಗಿತ್ತು. ಊರ ಶಾಲೆಯ ಕಿಟಕಿ ಸರಳುಗಳಿಗೆಲ್ಲ ಸಲೈನ್ ಬಾಟ್ಲಿ ಕಟ್ಟಿದ್ದರು. ಮೇಲಿನಿಂದ ಒಬ್ಬ ವಿಶೇಷಾಧಿಕಾರಿ ಬಂದು ಮೊಳಕಾಲ್ಮುರಿನ ಐಬಿಯಲ್ಲಿ, ಸರ್ಕಾರಿ ಪ್ರವಾಸಿ ಮಂದಿರದಲ್ಲಿ, ಠಿಕಾಣಿ ಹೂಡಿದ್ದರು. ದಿನಾ ಸಂಜೆ ನಾಲ್ಕಕ್ಕೆ ಅದೇ ಐಬಿಯ ಹಜಾರದಲ್ಲಿ ಪತ್ರಿಕೆಯವರಿಗೆ ವಿವರ ಕೊಡಬೇಕು. ಸಾಹೇಬರು ಒಳಗಿನ ಕೋಣೆಯಲ್ಲೇ ಕೂತು ಚೀಟಿ ಬರೆದು ಕಳಿಸುತ್ತಿದ್ದರು. ಹೊರಗೆ ಕೂತು ಮಾತಾಡುವುದು ವಾರ್ತಾಧಿಕಾರಿ ತಿಪ್ಪೇರುದ್ರನ ಕೆಲಸ.

ಆ ಕೆಲಸ ಅವನಿಗೆ ಒಲಿದಿತ್ತು. ಪರಶುರಾಂಪುರದ ಕಡೆಯ ಒಕ್ಕಲು ಮನೆಯವನು, ಕನ್ನಡ ಎಂ.ಎ. ಓದಿದವನು, ಮಾತಿನಲ್ಲಿ ನಯ. ಕೇಳಿದ್ದಕ್ಕೆ ಉತ್ತರ ಕೊಡದೆಯೂ ಕೇಳಿದವನು ತೃಪ್ತಿಯಿಂದ ಎದ್ದು ಹೋಗುವ ಹಾಗೆ ಮಾಡುವುದನ್ನು ಆರು ವರ್ಷದಲ್ಲಿ ಕಲಿತಿದ್ದ. ಮೊದಲು ಬಿಸಿ ಮಂಡಕ್ಕಿ ಒಗ್ಗರಣೆ, ಟೀ. ಆಮೇಲೆ ಮೊದಲ ಪ್ರಶ್ನೆ ಪಾಲಣ್ಣನಿಗೆ. ಪಾಲಣ್ಣ ಹಿರಿಯ ವರದಿಗಾರ, ಬಿಪಿ ಇರುವ, ಜಗಳ ಬೇಡದ ಮನುಷ್ಯ, "ಸರ್ಕಾರ ಏನು ಕ್ರಮ ತಗೊಂಡೈತೆ ಹೇಳ್ರಪ್ಪ" ಅಂತ ಶುರು ಮಾಡುತ್ತಿದ್ದ. ಅದಕ್ಕೆ ಕಾಲು ಗಂಟೆ ಉತ್ತರ. ಇಕ್ಕಟ್ಟಿನ ಪ್ರಶ್ನೆ ಬಂದರೆ "ಒಳ್ಳೇ ಪ್ರಶ್ನೆ" ಎಂದು ಹೊಗಳಿ, ಅದರ ಪಕ್ಕದ ಪ್ರಶ್ನೆಗೆ ಉತ್ತರ. ಇನ್ನೂ ಹಿಡಿದರೆ "ಪರಿಶೀಲಿಸಲಾಗುತ್ತಿದೆ". ಕಾಲರಾ ಎಂಬ ಮಾತು ಯಾರ ಬಾಯಲ್ಲಿ ಬಂದರೂ ಅವನು ಅದನ್ನು ನಯವಾಗಿ ಕರುಳುಬೇನೆ ಎಂದು ತಿದ್ದುತ್ತಿದ್ದ.

ಅವನ ನಯಕ್ಕೆ ಬಗ್ಗದವನು ಒಬ್ಬನೇ, ಅನ್ವರ್. ಚಳ್ಳಕೆರೆಯ ಪಾವಗಡ ರಸ್ತೆಯಲ್ಲಿ ಅವನದೊಂದು ಮೋಟಾರು ರಿವೈಂಡಿಂಗ್ ಅಂಗಡಿ. ಹೊಟ್ಟೆಪಾಡು ಅದು, ಹುಚ್ಚು ಪತ್ರಿಕೆಯದು. ಜಿಲ್ಲೆಯ ಒಂದು ಸಣ್ಣ ಪತ್ರಿಕೆಗೆ ಸುದ್ದಿ ಬರೆಯುತ್ತಿದ್ದ. ಬೆರಳ ಸಂದಿಯಲ್ಲಿ ವಾರ್ನಿಷಿನ ಕಲೆ ಹಾಗೇ ಇಟ್ಟುಕೊಂಡು ಹಜಾರಕ್ಕೆ ಬರುತ್ತಿದ್ದ. ಅವನೂ ತಿಪ್ಪೇರುದ್ರನೂ ಹೈಸ್ಕೂಲಿನಲ್ಲಿ ಒಂದೇ ಬೆಂಚು. ಹೊರಗೆ ಲೇ ಅಂದರೆ ಲೇ, ಹಜಾರದಲ್ಲಿ ಮಾತ್ರ ಸಾರ್, ಅವರೇ.

ಆ ಸೋಮವಾರ ಅನ್ವರ್ ಎದ್ದು ನಿಂತು ಕೇಳಿದ. "ಟ್ಯಾಂಕಿನ ನೀರು ಪರೀಕ್ಷೆ ಆಗೈತಾ ಸಾರ್?"

"ಆಗೈತೆ. ಆ ಊರಿಗೆ ಬೋರ್‌ವೆಲ್ ನೀರು ಹೋಗುತ್ತೆ. ಹದಿನಾಲ್ಕನೇ ತಾರೀಖು ಟ್ಯಾಂಕಿನಿಂದ ಸ್ಯಾಂಪಲ್ ತೆಗೆದಿದಾರೆ, ಶುದ್ಧವಾಗಿದೆ ಅಂತ ವರದಿ ಬಂದಿದೆ. ಸ್ವಚ್ಛತೆಯ ಕೊರತೆಯಿಂದ ರೋಗ ಹರಡಿರಬಹುದು ಅಂತ..."

"ಹದಿನಾಲ್ಕಕ್ಕೆ ಆ ಬೋರಿನಾಗೆ ಮೋಟಾರೇ ಇರ್ಲಿಲ್ಲ ಸಾರ್," ಅಂದ ಅನ್ವರ್. "ಸುಟ್ಟು ಹೋಗಿ ನನ್ನ ಅಂಗಡೀಲಿ ಬಿಚ್ಚಿ ಬಿದ್ದೈತೆ. ಇವತ್ತಿಗೆ ಇಪ್ಪತ್ತೆರಡು ದಿನ. ಮೋಟಾರಿಲ್ಲದ ಬೋರಿಂದ ಟ್ಯಾಂಕಿಗೆ ನೀರು ಹೆಂಗೆ ಹತ್ತಿತು? ಆ ಜನ ಕುಡಿದಿದ್ದು ಯಾವ ನೀರು?"

ಮಂಡಕ್ಕಿ ಅಗಿಯುತ್ತಿದ್ದವನೂ ನಿಲ್ಲಿಸಿದ. ತಿಪ್ಪೇರುದ್ರನಿಗೆ ಉತ್ತರ ಗೊತ್ತಿರಲಿಲ್ಲ, ಚೀಟಿಯಲ್ಲೂ ಇರಲಿಲ್ಲ. ಇಂಥ ಹೊತ್ತಿನಲ್ಲಿ ಪ್ರಶ್ನೆಯನ್ನು ಕೇಳಿದವನ ಕಡೆಗೇ ತಿರುಗಿಸಬೇಕು, ಆಮೇಲೆ ಒಂದು ನಗೆ ಎಬ್ಬಿಸಬೇಕು. ಅದನ್ನೇ ಮಾಡಿದ.

"ಮೋಟಾರು ನಿಮಗೆ ತಂದು ಕೊಟ್ಟೋರು ಯಾರು ಅನ್ವರ್ ಅವರೇ?"

"ಅದನ್ನ ಹೇಳಕಾಗಲ್ಲ."

"ಹಂಗಾದ್ರೆ ನಾನೇ ಹೇಳ್ತೀನಿ. ನಮ್ಮ ನೀರುಗಂಟಿ ಕ್ಯಾತಪ್ಪ ತಾನೆ? ಅವನು ಒಂದು ಗಡಿಗೆ ಹೆಂಡ ಇಳಿಸಿದ ಮೇಲೆ ಮೋಟಾರೂ ಕಾಣ್ತಾನೆ, ಸಮುದ್ರಾನೂ ಕಾಣ್ತಾನೆ. ಅದನ್ನೆಲ್ಲ ಬರಕೊಂಡ್ರೆ ನಿಮ್ಮ ಪೇಪರಿಗೆ ಜಾಗ ಸಾಲಲ್ಲ."

ಎಲ್ಲರೂ ನಕ್ಕರು. ಕ್ಯಾತಪ್ಪ ಕುಡಿಯುತ್ತಾನೋ ಇಲ್ಲವೋ ತಿಪ್ಪೇರುದ್ರನಿಗೆ ಗೊತ್ತೇ ಇರಲಿಲ್ಲ. ಬೂದಿಗುಂಡ್ಲಹಟ್ಟಿಗೆ ಹೋದಾಗ ಒಂದು ಸಲ ನೋಡಿದ್ದ, ಅಷ್ಟೆ. ಮೋಟಾರು ಎತ್ತಿಸಿಕೊಂಡು ಬರುವವನು ನೀರು ಬಿಡುವವನಲ್ಲದೆ ಇನ್ಯಾರು ಎಂದು ಊಹಿಸಿ ಬಾಯಿಗೆ ಬಂದದ್ದು ಅಂದುಬಿಟ್ಟಿದ್ದ.

ನಗದೆ ಕೂತವನು ಹಿಂದಿನ ಕುರ್ಚಿಯಲ್ಲಿ ಒಬ್ಬನಿದ್ದ. ಅವನು ಗಾದ್ರಪ್ಪ. ಬೂದಿಗುಂಡ್ಲಹಟ್ಟಿಯ ನೀರಿನ ಗುತ್ತಿಗೆ ಅವನದು, ಊರಾಚೆಯ ಕಲ್ಲು ಕ್ವಾರಿಯೂ ಅವನದೇ. ಪತ್ರಿಕೆಯವನಲ್ಲ, ಆದರೂ ದಿನಾ ಬಂದು ಕೂರುತ್ತಿದ್ದ, ಯಾರೂ ಯಾಕೆಂದು ಕೇಳಿರಲಿಲ್ಲ. ಕ್ಯಾತಪ್ಪನ ಹೆಸರು ಬಿದ್ದದ್ದೇ ಚಪ್ಪಲಿ ಮೆಟ್ಟಿಕೊಂಡು ಎದ್ದು ಹೋದ. ಅಂಗಳದಲ್ಲಿ ಜೀಪು ಶುರುವಾದ ಸದ್ದು ಕೇಳಿತು.

ಗೇಟಿನ ಬಳಿ ಅನ್ವರ್ ಕಾದಿದ್ದ. "ಲೇ ತಿಪ್ಪ, ಆ ಹೆಸರು ಯಾಕಲೇ ತೆಗೆದೆ?"

"ತಮಾಷೆಗೆ ಅಂದೆ ಮಾರಾಯ."

"ನಾನು ಯಾಕೆ ಹೇಳ್ಲಿಲ್ಲ ಅಂತ ಒಂದು ಸಲ ಯೋಚನೆ ಮಾಡಬೇಕಿತ್ತು ನೀನು," ಅಂದು ಬೈಕು ಹತ್ತಿದ. ಬಾ ಬಿಡ್ತೀನಿ ಅಂತ ದಿನಾ ಕರೆಯುವವನು ಅವತ್ತು ಕರೆಯಲಿಲ್ಲ.

ಮಂಗಳವಾರ ಬೆಳಗ್ಗೆ ತಿಪ್ಪೇರುದ್ರ ತಾನೇ ಬೂದಿಗುಂಡ್ಲಹಟ್ಟಿಗೆ ಹೋದ. ಹತ್ತು ಗಂಟೆಯಾಗಿರಬೇಕು. ಕ್ಯಾತಪ್ಪ ಮನೆ ಮುಂದಿನ ಕಟ್ಟೆಯ ಮೇಲೆ ಕೂತು ವಾಲ್ವಿನ ರಬ್ಬರು ಕತ್ತರಿಸುತ್ತಿದ್ದ. ಐವತ್ತರ ಬಡಕಲು ಆಳು. ಕಂಡೊಡನೆ ಎದ್ದು ನಿಂತ.

"ನನ್ನ ಹೆಸರು ಮೀಟಿಂಗಿನಾಗೆ ಬಂತಂತೆ ಸಾರು?"

"ಸುಮ್ನೆ ಬಂತು ಬಿಡು. ಮೋಟಾರು ನೀನೇ ತಗೊಂಡೋಗಿದ್ದಾ?"

"ನಾನೇ. ಸುಟ್ಟೋತು, ಟ್ರ್ಯಾಕ್ಟರ್‌ನಾಗೆ ಹಾಕ್ಕೊಂಡು ಹೋದೆ. ಬರೋತನಕ ಕ್ವಾರಿ ಗುಂಡಿಗೆ ಡೀಜಲ್ ಎಂಜಿನ್ ಇಟ್ಟು ಟ್ಯಾಂಕು ತುಂಬು ಅಂದ್ರು ಗಾದ್ರಪ್ಪನೋರು. ಆ ಗುಂಡ್ಯಾಗೆ ಕುರಿ ಸತ್ತು ತೇಲ್ತಾವೆ, ಬ್ಯಾಡ ಅಂದೆ. ಎರಡು ಸಲ ಅಂದೆ. ಕೇಳಲಿಲ್ಲ." ಕ್ಯಾತಪ್ಪ ರಬ್ಬರಿನ ತುಂಡನ್ನು ಬೆರಳಲ್ಲಿ ಹೊಸೆದ. "ವಾಲ್ವು ತಿರುವಿದ್ದು ನನ್ನ ಕೈಯೇ, ಸಾರು. ಸತ್ತೋರಾಗೆ ನಮ್ಮ ಚಿಕ್ಕಮ್ಮಾನೂ ಅವ್ಳೆ."

"ನಾಲ್ಕು ದಿನ ಯಾರ ಹತ್ರಾನೂ ಮಾತಾಡಬೇಡ," ಅಂದ ತಿಪ್ಪೇರುದ್ರ. ಕ್ಯಾತಪ್ಪ ಆಯ್ತು ಎಂದು ತಲೆಯಾಡಿಸಿದ. ಒಳಗಿಂದ ಹೆಂಡತಿ ಮಜ್ಜಿಗೆ ಲೋಟ ತಂದಳು. ತಿಪ್ಪೇರುದ್ರ ಅದನ್ನು ಕೈಯಲ್ಲಿ ಹಿಡಿದುಕೊಂಡು ನಿಂತ, ಕುಡಿಯಲು ಧೈರ್ಯ ಬರಲಿಲ್ಲ. ಅವರಿಬ್ಬರೂ ಅದನ್ನು ನೋಡಿದರು.

ಐಬಿಗೆ ಬಂದಾಗ ಹನ್ನೊಂದೂವರೆ. ಸಾಹೇಬರು ಕರೆಸಿದರು. ಅವರು ಎಂದೂ ದನಿ ಏರಿಸಿದವರಲ್ಲ. ಕೈಬರಹದ ಒಂದು ಹಾಳೆ ಮುಂದಿಟ್ಟರು.

"ನಿಮ್ಮ ಕನ್ನಡ ಚೆನ್ನಾಗಿದೆ ಅಂತಾರೆ. ಇದನ್ನ ಸ್ವಲ್ಪ ಸರಿ ಮಾಡಿ ಕೊಡಿ. ಬೇಕಾಗಬಹುದು."

ತಿಪ್ಪೇರುದ್ರ ಓದಿದ. ನೀರುಗಂಟಿ ಕ್ಯಾತಪ್ಪ ಯಾರಿಗೂ ಹೇಳದೆ ಕ್ವಾರಿ ನೀರು ಬಿಟ್ಟಿದ್ದಾನೆ, ಸೋಮವಾರ ಸಂಜೆಯಿಂದ ಓಡಿ ಹೋಗಿದ್ದಾನೆ ಅಂತ ಇತ್ತು. ಇನ್ನೊಂದು ಸಲ ಓದಿದ.

"ಸಾರ್, ಒಂದೂವರೆ ಗಂಟೆ ಹಿಂದೆ ನಾನು ಅವನನ್ನ ಅವನ ಮನೆ ಹತ್ರಾನೇ ನೋಡಿದೆ."

ಸಾಹೇಬರು ಕನ್ನಡಕ ತೆಗೆದು ಒರೆಸಿಕೊಂಡರು. "ನೀವು ಭಾಷೆ ನೋಡಿ ತಿಪ್ಪೇರುದ್ರ. ವಿಷಯ ನಾವು ನೋಡ್ಕೋತೀವಿ."

ಅವನು ಹೊರಗೆ ಬಂದು ಹಾಳೆಯ ಮುಂದೆ ಕೂತ. ಕ್ಯಾತಪ್ಪನನ್ನು ನಾಲ್ಕು ದಿನ ರಾಯದುರ್ಗದ ಕಡೆ ನೆಂಟರ ಮನೆಗೆ ಕಳಿಸುತ್ತಾರೇನೋ, ಗಲಾಟೆ ತಣ್ಣಗಾಗಲಿ ಅಂತ ಇರಬೇಕು ಎಂದುಕೊಂಡ. ಹಾಗೆ ಅಂದುಕೊಳ್ಳುವುದು ಸುಲಭವಿತ್ತು. ಪೆನ್ನು ತೆಗೆದು "ಓಡಿ ಹೋಗಿದ್ದಾನೆ" ಎಂಬುದನ್ನು ಹೊಡೆದು ಹಾಕಿದ. "ಮೇಲಧಿಕಾರಿಗಳ ಗಮನಕ್ಕೆ ತಾರದೆ ಕ್ವಾರಿಯ ನೀರನ್ನು ಸರಬರಾಜು ಮಾಡಿ, ಕಾನೂನು ಕ್ರಮದ ಭೀತಿಯಿಂದ ಸ್ವಇಚ್ಛೆಯಿಂದ ತಲೆಮರೆಸಿಕೊಂಡಿರುತ್ತಾನೆ" ಎಂದು ಬರೆದ. ಐದು ನಿಮಿಷದ ಕೆಲಸ. ವಾಕ್ಯ ಸೊಗಸಾಗಿ ಕೂತಿತು ಅಂತ ಆ ಗಳಿಗೆಯಲ್ಲಿ ಅವನಿಗೆ ಅನ್ನಿಸಿದ್ದೂ ನಿಜ. ಟೈಪು ಮಾಡಿಸಿ ಒಳಗೆ ಕೊಟ್ಟ. ತಿದ್ದಿದ ಹಾಳೆ ಅವನ ಚೀಲದಲ್ಲೇ ಉಳಿಯಿತು.

ಕ್ಯಾತಪ್ಪನ ಊರಿನ ಕಿರಾಣಿ ಅಂಗಡಿಯಲ್ಲಿ ಒಂದು ಫೋನಿತ್ತು, ನಂಬರು ಅವನ ಡೈರಿಯಲ್ಲಿತ್ತು. ಫೋನು ಮಾಡಿ ಅವನನ್ನು ಎಚ್ಚರಿಸಬಹುದಿತ್ತು. ಮಾಡಲಿಲ್ಲ. ಆ ಸಂಜೆ ಹಜಾರದಲ್ಲಿ ಟೈಪಾದ ಹಾಳೆಯೂ ಹೊರಗೆ ಬರಲಿಲ್ಲ, ಅನ್ವರನೂ ಬರಲಿಲ್ಲ. ಎಲ್ಲ ಸುಸೂತ್ರವಾಗಿ ಮುಗಿಯಿತು.

ಬುಧವಾರ ಮಧ್ಯಾಹ್ನ ಐಬಿಗೆ ಬಂದರೆ ಹುಣಸೆ ಮರದ ಕೆಳಗೆ ಒಬ್ಬ ಹೆಂಗಸು ಕೂತಿದ್ದಳು. ಮಜ್ಜಿಗೆ ಕೊಟ್ಟವಳೇ, ಕ್ಯಾತಪ್ಪನ ಹೆಂಡತಿ ಯರ್ರಮ್ಮ. ಗಡಿಯಾಚೆಯ ಆಂಧ್ರದ ಊರಿನಿಂದ ಬಂದವಳು, ಮಾತಿನಲ್ಲಿ ಅರ್ಧ ತೆಲುಗು.

"ಮಾ ಆಯನ, ನನ್ನ ಗಂಡ ಎಲ್ಲಿ ಸಾರು?" ಅಂದಳು. "ನೀವು ಬಂದೋದಿರಲ್ಲ, ಆಮ್ಯಾಲೆ ಮುದ್ದೆಗೆ ಕೂತಿದ್ದ. ಜೀಪು ಬಂತು. ಕೈ ತೊಳಿಯಾಕೂ ಬಿಡಲಿಲ್ಲ, ಎಂಜಲ ಕೈಯಾಗೇ ಕರಕೊಂಡೋದ್ರು."

"ಯಾರು?"

"ಅದು ನಿಮಗೇ ಗೊತ್ತಿರಬೇಕು. ಹೆಸರು ಹೇಳಿದ್ದು ನೀವಂತಲ್ಲ. ಹೆಸರು ಹೇಳ್ದೋರು ಒಂದು ಮಾತು ಅಂದ್ರೆ ಬಿಡ್ತಾರೆ ಅಂತ ಊರಾಗೆ ಅಂದ್ರು, ಅದಕ್ಕೇ ಬಂದೆ."

"ಪರಿಶೀಲಿಸ್ತೀವಿ ಅಮ್ಮ," ಅಂದ ತಿಪ್ಪೇರುದ್ರ. ಬಾಯಿ ತನ್ನಷ್ಟಕ್ಕೆ ತಾನೇ ಆಡಿಬಿಟ್ಟಿತ್ತು.

ಯರ್ರಮ್ಮ ಅವನ ಮುಖವನ್ನೇ ನೋಡಿದಳು. "ಅಂದ್ರೆ ಏಮಿ ಸಾರು?"

ಅವನು ಅವಳಿಂದ ಮುಖ ತಿರುಗಿಸಿದ. ಅಂಗಳದ ಇನ್ನೊಂದು ತುದಿಯಲ್ಲಿ ಬಿಳಿ ಜೀಪು ನಿಂತಿತ್ತು. ಗಾದ್ರಪ್ಪ ಬಾನೆಟ್ಟಿಗೆ ಒರಗಿ ಅಡಿಕೆ ಅಗಿಯುತ್ತ ಇವರಿಬ್ಬರನ್ನೂ ನೋಡುತ್ತಿದ್ದ. ತುಂಬ ಹೊತ್ತಿನಿಂದ ನೋಡುತ್ತಿದ್ದ ಹಾಗಿತ್ತು.

ನಾಲ್ಕಕ್ಕೆ ಟೈಪಾದ ಹಾಳೆ ಅವನ ಕೈಗೆ ಬಂತು. ಓದಿದ. ತಾನೇ ಜೋಡಿಸಿದ ಮಾತುಗಳು, ಎಲ್ಲೂ ತಡೆಯದೆ ನಾಲಿಗೆಯ ಮೇಲೆ ಹರಿದವು. ಪತ್ರಿಕೆಯವರು ಬರೆದುಕೊಂಡರು. ಸುದ್ದಿಗೆ ಒಬ್ಬ ತಪ್ಪಿತಸ್ಥ ಸಿಕ್ಕಿದ್ದ, ಎಲ್ಲರಿಗೂ ಒಂಥರಾ ನಿರಾಳ. ಅನ್ವರ್ ಕೊನೆಗೆ ಎದ್ದ. ಎರಡು ದಿನದಲ್ಲಿ ಅವನ ಮುಖ ಇಳಿದುಹೋಗಿತ್ತು.

"ನಿನ್ನೆ ಬೆಳಗ್ಗೆ ಅಂಗಡಿಗೆ ಬಂದ್ರೆ ಬೀಗ ಒಡೆದಿತ್ತು. ಒಂಬತ್ತು ಮೋಟಾರಿನಾಗೆ ಎಂಟು ಅಲ್ಲೇ ಅವೆ, ಆ ಊರಿಂದು ಒಂದೇ ಇಲ್ಲ. ಅದರ ವಿಚಾರ ಬಿಡ್ರಿ, ನಾನು ಸ್ಟೇಷನ್‌ನಾಗೆ ಕೇಳ್ತೀನಿ. ನಿಮ್ಮನ್ನ ಒಂದೇ ಪ್ರಶ್ನೆ ಕೇಳ್ತೀನಿ ಸಾರ್. ಕ್ಯಾತಪ್ಪ ಯಾವಾಗಿಂದ ಕಾಣ್ತಿಲ್ಲ?"

ಒಳ್ಳೇ ಪ್ರಶ್ನೆ ಅನ್ನಬಹುದಿತ್ತು. ಪ್ರಕಟಣೆಯಲ್ಲೇ ಇದೆ ನೋಡಿ ಅನ್ನಬಹುದಿತ್ತು. ಸಮಯವಾಯಿತು ಎಂದು ಏಳಬಹುದಿತ್ತು. ದಾರಿಗಳೆಲ್ಲ ತಿಪ್ಪೇರುದ್ರನಿಗೆ ಬಾಯಿಪಾಠ. ಕಿಟಕಿಯಾಚೆ ಯರ್ರಮ್ಮ ಇನ್ನೂ ಕೂತಿದ್ದಳು, ಸೆರಗಿನ ತುದಿಯನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ.

"ಇದರಾಗೆ ಸೋಮವಾರ ಸಂಜೆಯಿಂದ ಅಂತ ಐತೆ," ಅಂದ. "ಮಂಗಳವಾರ ಬೆಳಗ್ಗೆ ಹತ್ತು ಗಂಟೆಗೆ ನಾನು ಅವನ ಮನೆ ಮುಂದೆ ಅವನ ಜೊತೆ ಮಾತಾಡಿದೀನಿ. ಅವತ್ತು ಮಧ್ಯಾಹ್ನ ಅವನನ್ನ ಜೀಪಿನಾಗೆ ಕರಕೊಂಡು ಹೋದ್ರು ಅಂತ ಅವನ ಹೆಂಡ್ತಿ ಹೇಳ್ತಾಳೆ. ಅಲ್ಲೇ ಹೊರಗೆ ಕೂತವ್ಳೆ, ಕೇಳ್ರಿ."

ಯಾರ ಪೆನ್ನೂ ಆಡಲಿಲ್ಲ. ಪಾಲಣ್ಣ ನಿಧಾನಕ್ಕೆ ಕೆಮ್ಮಿದ. ಅವನಿಗೆ ತಿಪ್ಪೇರುದ್ರನ ಮೇಲೆ ಪ್ರೀತಿಯಿತ್ತು, ತಪ್ಪಿಸಿಕೊಳ್ಳಲು ಒಂದು ಸಂದಿ ಬಿಟ್ಟುಕೊಟ್ಟ. "ಬಾಯಿ ತಪ್ಪಿ ಬಂತೇನಪ್ಪ? ಹಂಗಿದ್ರೆ ಹೇಳು, ನಾವು ಕೇಳಿಲ್ಲ."

"ಬರಕೊಳ್ರಿ ಪಾಲಣ್ಣ," ಅಂದ ತಿಪ್ಪೇರುದ್ರ.

ಎಲ್ಲರೂ ಹೋದ ಮೇಲೆ ಸಾಹೇಬರು ಬಾಗಿಲಿಗೆ ಬಂದರು. ಬೈಯಲಿಲ್ಲ. "ನಾಳೆಯಿಂದ ನೀವು ಬರೋದು ಬೇಡ," ಅಂದರು. ಹೊರಡುವಾಗ, ಏನೋ ನೆನಪಾದವರಂತೆ, "ಚಳ್ಳಕೆರೇಲಿ ನಿಮ್ಮ ಮನೆ ಎಲ್ಲಿ ಬರುತ್ತೆ?" ಎಂದು ಕೇಳಿದರು. ತಿಪ್ಪೇರುದ್ರ ಹೇಳಿದ. ಹೇಳಿದ ಮೇಲೆ, ಯಾಕೆ ಕೇಳಿದರು ಅಂತ ಬಸ್ಸಿನ ದಾರಿಯುದ್ದಕ್ಕೂ ಯೋಚಿಸಿದ.

ಗುರುವಾರ ಎಲ್ಲ ಪತ್ರಿಕೆಗಳಲ್ಲೂ ಬಂತು. ಪಾಲಣ್ಣನ ಪತ್ರಿಕೆಯಲ್ಲಂತೂ ಮುಖಪುಟದಲ್ಲೇ ಬಂತು. ಶುಕ್ರವಾರ ಸಂಜೆ ಕ್ಯಾತಪ್ಪನನ್ನು ಯಾರೋ ರಾಯದುರ್ಗದ ರಸ್ತೆಯ ಮಗ್ಗುಲಿಗೆ ಇಳಿಸಿ ಹೋದರು. ನಡೆದುಕೊಂಡೇ ಊರು ಸೇರಿದ ಅಂತ ಸುದ್ದಿ ಬಂತು. ಶನಿವಾರ ಬೆಳಗ್ಗೆ ಅನ್ವರ್ ತಿಪ್ಪೇರುದ್ರನ ಮನೆ ಮುಂದೆ ಬೈಕು ನಿಲ್ಲಿಸಿ "ಹತ್ತಲೇ" ಅಂದ.

ಕ್ಯಾತಪ್ಪ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದ. ಮೈಮೇಲೆ ಏಟು ಕಾಣುತ್ತಿರಲಿಲ್ಲ. ಹೊಸ ಅಂಗಿ ತೊಟ್ಟಿದ್ದ, ಮಡಿಕೆಯ ಗೆರೆಗಳಿನ್ನೂ ಹೋಗಿರಲಿಲ್ಲ. ತಿಪ್ಪೇರುದ್ರ ಎದುರಿಗೆ ಕೂತು ಮೆಲ್ಲಗೆ ಕೇಳಿದ. "ಎಲ್ಲಿಗೆ ಕರಕೊಂಡು ಹೋಗಿದ್ರು ಕ್ಯಾತಪ್ಪ?"

ಕ್ಯಾತಪ್ಪ ಅವನನ್ನು ನೋಡಲಿಲ್ಲ. ಎದುರು ಗೋಡೆ ನೋಡುತ್ತ, ಶಾಲೆಯ ಮಗು ಪದ್ಯ ಒಪ್ಪಿಸುವ ಹಾಗೆ ಹೇಳಿದ. "ಮೇಲಧಿಕಾರಿಗಳ ಗಮನಕ್ಕೆ ತಾರದೆ ಕ್ವಾರಿಯ ನೀರನ್ನು ಸರಬರಾಜು ಮಾಡಿ, ಕಾನೂನು ಕ್ರಮದ ಭೀತಿಯಿಂದ, ಸ್ವಇಚ್ಛೆಯಿಂದ ತಲೆಮರೆಸಿಕೊಂಡಿರುತ್ತೇನೆ."

ಒಂದಕ್ಷರ ತಪ್ಪಿರಲಿಲ್ಲ. ಸಾರ್ ಎನ್ನಲೂ ಬಾರದೆ ಸಾರು ಎನ್ನುತ್ತಿದ್ದ ಬಾಯಿ ಅದು.

ಈಗ ಅನ್ವರ್ ಕೇಳಿದ. "ಯಾರು ಕಲಿಸಿದ್ರು ಇದನ್ನ?" ಕ್ಯಾತಪ್ಪ ಮತ್ತೆ ಮೊದಲಿನಿಂದ ಶುರು ಮಾಡಿದ. "ಮೇಲಧಿಕಾರಿಗಳ ಗಮನಕ್ಕೆ ತಾರದೆ..."

"ಸಾಕು," ಅಂದಳು ಯರ್ರಮ್ಮ. "ಹೋಗ್ರಿ ಇನ್ನ. ಮೂರು ದಿನದಾಗೆ ಏನು ಕೇಳಿದ್ರೂ ಅದೊಂದೇ ಮಾತು ಬರಂಗೆ ಮಾಡವ್ರೆ."

ಊರು ದಾಟಿ ಕ್ವಾರಿಯ ತಿರುವಿಗೆ ಬಂದಾಗ ತಿಪ್ಪೇರುದ್ರ ಬೈಕು ನಿಲ್ಲಿಸು ಅಂದ. ಇಳಿದು ಬೇಲಿ ಪಕ್ಕ ಕೂತುಬಿಟ್ಟ. ಚೀಲದಿಂದ ತಿದ್ದಿದ ಹಾಳೆ ತೆಗೆದ.

"ಅವನು ಹೇಳಿದ ಮಾತು ನಾನು ಬರೆದಿದ್ದು ಕಣಲೇ. ಇದು ಸಾಹೇಬರ ಕೈಬರಹ, ಹೊಡೆದು ತಿದ್ದಿರೋದು ನಂದು. ಅವನನ್ನ ಹಿಡಕೊಂಡು ಹೋಗೋಕೆ ಮುಂಚೆ ಬರೆದಿದ್ದು."

ಅನ್ವರ್ ಓದಿದ. "ಪೇಪರಿಗೆ ಹಾಕಿದ್ರೆ ನಿನ್ನ ಅಕ್ಷರಾನೂ ಬರುತ್ತೆ. ಅದನ್ನ ಮುಚ್ಚಿ ಹಾಕಕಾಗಲ್ಲ."

"ಮುಚ್ಚಬೇಡ."

ಸೋಮವಾರ ಆ ಹಾಳೆಯ ಚಿತ್ರ ಅನ್ವರನ ಪತ್ರಿಕೆಯಲ್ಲಿ ಅಚ್ಚಾಯಿತು. ಬೆಳಗ್ಗೆ ಎಂಟರ ಹೊತ್ತಿಗೆ ತಿಪ್ಪೇರುದ್ರ ಪತ್ರಿಕೆ ಹಿಡಿದು ಮನೆಗೆ ಬಂದರೆ ಬಾಗಿಲಲ್ಲಿ ಬಿಳಿ ಜೀಪಿತ್ತು. ಒಳಗೆ ಗಾದ್ರಪ್ಪ ಕುರ್ಚಿಯಲ್ಲಿ ಕೂತಿದ್ದ. ಯಾರೋ ಆಫೀಸಿನವರು ಎಂದುಕೊಂಡು ಹೆಂಡತಿ ನಾಗರತ್ನ ಉಪ್ಪಿಟ್ಟು ಕೊಟ್ಟಿದ್ದಳು, ಅವನು ತಟ್ಟೆ ಬರಿದು ಮಾಡಿದ್ದ.

"ನಿಮ್ಮನೆಯೋರು ಒಳ್ಳೇ ಜನ," ಅಂದ ಎದ್ದು ನಿಂತು. "ಬೆಳಗ್ಗೆ ಒಂಬತ್ತೂವರೆಗೆ ಟೈಲರಿಂಗ್ ಕ್ಲಾಸಿಗೆ ಹೋಗ್ತಾರಂತಲ್ಲ, ನಡಕೊಂಡು. ರಸ್ತೆ ಸರಿ ಇಲ್ಲ, ನೋಡ್ಕೊಳ್ರಿ." ಅಷ್ಟು ಅಂದು ಹೋದ.

ನಾಗರತ್ನ ಗಂಡನ ಮುಖ ನೋಡಿದಳು. ತಿಪ್ಪೇರುದ್ರ ಬಾಗಿಲ ಅಗುಳಿ ಹಾಕಿ, ಹಿಂದಿನ ಸೋಮವಾರದ ಹಜಾರದಿಂದ ಹಿಡಿದು ಎಲ್ಲವನ್ನೂ ಹೇಳಿದ. ಎಲ್ಲಿಯೂ ನಯ ಮಾಡಲಿಲ್ಲ. ಅವಳು ಕೇಳಿ ಮುಗಿಸಿ, "ಕುಡುಕ ಅಂದ್ರಾ ಅವನ್ನ?" ಅಂದಳು, ಅಷ್ಟೆ. ಅವತ್ತೇ ನಾಯಕನಹಟ್ಟಿ ಬಸ್ಸು ಹತ್ತಿ ತವರಿಗೆ ಹೋದಳು. ಜೀಪು ಊರಿನ ಕೊನೆಯವರೆಗೂ ಬಸ್ಸಿನ ಹಿಂದೆ ಹೋಗಿ ನಿಂತಿತು.

ವಿಚಾರಣೆ ಆಯಿತು. ಸತ್ತವರು ಐದಲ್ಲ, ಏಳು ಅಂತ ಗೊತ್ತಾಯಿತು. ಕ್ವಾರಿ ಗುಂಡಿಗೆ ತಂತಿ ಬೇಲಿ ಬಿತ್ತು. ಸಾಹೇಬರಿಗೆ ಬೇರೆ ಕಡೆ ವರ್ಗವಾಯಿತು, ಗಾದ್ರಪ್ಪ ಮೂರು ತಿಂಗಳು ಒಳಗಿದ್ದು ಹೊರಗೆ ಬಂದ. ವಿಚಾರಣೆಯವರು ಕರೆದಾಗ ಕ್ಯಾತಪ್ಪ ಅದೇ ವಾಕ್ಯ ಒಪ್ಪಿಸಿದ, ಅವರು ಅದನ್ನೇ ಹೇಳಿಕೆ ಎಂದು ಬರೆದುಕೊಂಡರು. ಆ ವಾಕ್ಯ ಎಲ್ಲಿ ಹುಟ್ಟಿತು ಎಂದು ಸಾಕ್ಷಿ ನುಡಿಯಲು ತಿಪ್ಪೇರುದ್ರ ಅಮಾನತಿನಲ್ಲಿದ್ದ ಹದಿನಾಲ್ಕು ತಿಂಗಳಲ್ಲಿ ಆರು ಸಲ ಹೋದ. ಪ್ರತಿ ಸಲವೂ ಯರ್ರಮ್ಮ ಗಂಡನನ್ನು ಕರೆದುಕೊಂಡು ಬಂದು ಕಟ್ಟಡದ ಹೊರಗೆ ನೆರಳಿನಲ್ಲಿ ಕೂತಿರುತ್ತಿದ್ದಳು. ಮೊದಲ ಐದು ಸಲ ಅವಳು ಅವನ ಕಡೆ ತಿರುಗಲಿಲ್ಲ. ಆರನೆಯ ಸಲ ಸ್ವಲ್ಪ ಸರಿದು ಕಟ್ಟೆಯ ಮೇಲೆ ಜಾಗ ಬಿಟ್ಟಳು. ಅವನು ಕೂತ. ಮೂವರೂ ಒಳಗಿನಿಂದ ಕ್ಯಾತಪ್ಪನ ಹೆಸರು ಕೂಗುವುದನ್ನು ಕಾಯುತ್ತ ಕೂತರು.